'ಸ್ಕಿನ್ ಕಲರ್' ಅಂದ್ರೆ ಯಾರ ಸ್ಕಿನ್?

ಬಣ್ಣದ ಪೆಟ್ಟಿಗೆ ತೆರೆದು ಕೂತ ಮಕ್ಕಳನ್ನು ಒಮ್ಮೆ ಗಮನಿಸಿ. ಮನೆ ಬರೆದಾಯಿತು, ಮರ ಬರೆದಾಯಿತು, ಸೂರ್ಯನೂ ಬಂದ. ಕೊನೆಗೆ ಮನುಷ್ಯನ ಮುಖಕ್ಕೆ ಬಂದಾಗ ಒಂದು ಮಗು ಪಕ್ಕದ ಮಗುವನ್ನು ಕೇಳುತ್ತದೆ, "ಸ್ಕಿನ್ ಕಲರ್ ಕೊಡ್ತೀಯಾ?" ಪಕ್ಕದ ಮಗು ಒಂದು ಕ್ಷಣವೂ ಯೋಚಿಸದೆ ಒಂದು ಕಡ್ಡಿ ತೆಗೆದು ಕೊಡುತ್ತದೆ. ಅದು ಗುಲಾಬಿಗೂ ಕಿತ್ತಳೆಗೂ ನಡುವಿನ ಒಂದು ಮಸುಕು ಬಣ್ಣ. ಕೇಳಿದ ಮಗುವಿನ ಕೈ ಆ ಬಣ್ಣದ್ದಲ್ಲ. ಕೊಟ್ಟ ಮಗುವಿನ ಕೈಯೂ ಆ ಬಣ್ಣದ್ದಲ್ಲ. ಆದ್ರೂ 'ಸ್ಕಿನ್ ಕಲರ್' ಅಂದ್ರೆ ಅದೇ ಅಂತ ಇಬ್ಬರಿಗೂ ಗೊತ್ತು. ಯಾರೂ ಅವರನ್ನು ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ ಇದು.

ನನ್ನನ್ನು ತುಂಬಾ ದಿನದಿಂದ ಕಾಡುತ್ತಿರುವ ವಿಷಯ ಇದು. ಮೈಬಣ್ಣಕ್ಕೆ ನಾವು ಬಳಸುವ ಹೆಸರುಗಳು ಸುಮ್ನೆ ಹುಟ್ಟಿಕೊಂಡಿಲ್ಲ. ಹೆಸರಿಡುವ ಹೊತ್ತಿಗೆ ಯಾರು ಅಲ್ಲಿ ಕೂತಿದ್ದರು, ಯಾರು ಕೂತಿರಲಿಲ್ಲ ಅನ್ನೋದು ಆ ಹೆಸರಲ್ಲೇ ಕಾಣುತ್ತದೆ. ಹಾಗಾಗಿ ಕಳೆದ ಕೆಲವು ದಶಕಗಳಲ್ಲಿ ಈ ಹೆಸರುಗಳು ಬದಲಾದಾಗ ಕೆಲವರು "ಒಂದು ಪದಕ್ಕೆ ಇಷ್ಟೊಂದು ಗಲಾಟೆ ಯಾಕೆ" ಅಂದರು. ನನಗೆ ಹಾಗೆ ಅನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಕ್ರೇಯಾನ್‌ನಿಂದಲೇ ಶುರು ಮಾಡೋಣ. ಅಮೆರಿಕದ ಕ್ರೇಯೋಲಾ ಪೆಟ್ಟಿಗೆ ಮೊದಲು ಬಂದದ್ದು 1903ರಲ್ಲಿ. ಆ ಕಂಪನಿಯ ಬಣ್ಣಗಳ ಸಾಲಲ್ಲಿ ದಶಕಗಳ ಕಾಲ 'ಫ್ಲೆಶ್' ಅನ್ನುವ ಒಂದು ಬಣ್ಣ ಇತ್ತು. ಫ್ಲೆಶ್ ಅಂದ್ರೆ ಮಾಂಸ ಅಂತಲೂ ಮೈ ಅಂತಲೂ ಅರ್ಥ. ಮೊದಲು ಹೇಳಿದ ಮಸುಕು ಗುಲಾಬಿ-ಕಿತ್ತಳೆಯೇ ಅದು. 1962ರಲ್ಲಿ ಕಂಪನಿ ಆ ಹೆಸರು ತೆಗೆದು 'ಪೀಚ್' ಅಂತ ಇಟ್ಟಿತು. ಆಗ ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಚಳವಳಿ ಜೋರಾಗಿತ್ತು, ಎಲ್ಲರ ಚರ್ಮವೂ ಒಂದೇ ಬಣ್ಣ ಇರುವುದಿಲ್ಲ ಅನ್ನುವ ಸರಳ ಸತ್ಯವನ್ನು ಪೆಟ್ಟಿಗೆಯ ಮೇಲೂ ಒಪ್ಪಿಕೊಳ್ಳಬೇಕಾದ ಕಾಲ ಬಂದಿತ್ತು. ಬಣ್ಣ ಅದೇ ಉಳಿಯಿತು, ಮೇಲಿನ ಚೀಟಿ ಮಾತ್ರ ಬದಲಾಯಿತು. ಇದು ಸಣ್ಣ ಕೆಲಸ ಅಂತ ಅನಿಸಬಹುದು. ಆದ್ರೆ ಯೋಚಿಸಿ ನೋಡಿ: ಅಲ್ಲಿಯವರೆಗೆ ಒಂದು ಕಪ್ಪು ಮಗು ತನ್ನ ಅಮ್ಮನ ಚಿತ್ರ ಬರೆಯಲು ಕೂತಾಗ, 'ಮೈ' ಅಂತ ಬರೆದಿದ್ದ ಕಡ್ಡಿಯನ್ನು ಪಕ್ಕಕ್ಕಿಟ್ಟು ಬೇರೆ ಏನನ್ನೋ ಹುಡುಕಬೇಕಿತ್ತು.

ಹೆಸರು ತೆಗೆದದ್ದು 1962ರಲ್ಲಿ, ಸರಿ. ಆ ಮಗುವಿಗೆ ಬೇಕಿದ್ದ ಬಣ್ಣಗಳನ್ನು ಒಟ್ಟಿಗೆ ಸೇರಿಸಿ 'ಇವು ಮೈಬಣ್ಣಗಳು' ಅಂತ ಒಂದು ಪೆಟ್ಟಿಗೆ ಮಾಡಿದ್ದು ಯಾವಾಗ? 1992ರಲ್ಲಿ. ಪೂರ್ತಿ 30 ವರ್ಷ ಆದ ಮೇಲೆ. ಅದರಲ್ಲಿ ಎಂಟೇ ಕಡ್ಡಿ, ಎಲ್ಲವೂ ಹಳೆಯ ಪೆಟ್ಟಿಗೆಗಳಲ್ಲಿ ಮೊದಲೇ ಇದ್ದ ಬಣ್ಣಗಳು: ಏಪ್ರಿಕಾಟ್, ಪೀಚ್, ಟ್ಯಾನ್, ಸೆಪಿಯಾ, ಮಹಾಗನಿ, ಬರ್ನ್ಟ್ ಸಿಯೆನ್ನಾ, ಜೊತೆಗೆ ಕಪ್ಪು ಮತ್ತು ಬಿಳಿ. ನಿಜವಾಗಿ ಮನುಷ್ಯರ ಮೈಯನ್ನೇ ನೋಡಿ ಮಾಡಿದ 24 ಬಣ್ಣಗಳ ಪೆಟ್ಟಿಗೆ ಬಂದದ್ದು 2020ರಲ್ಲಿ. ಅದನ್ನು ಮಾಡುವಾಗ ಸೌಂದರ್ಯ ಸಾಮಗ್ರಿಯ ಉದ್ಯಮದಲ್ಲಿ ಫೌಂಡೇಶನ್ ಬಣ್ಣಗಳನ್ನು ರೂಪಿಸಿದ್ದ ಒಬ್ಬ ರಸಾಯನ ತಜ್ಞರ ನೆರವು ತೆಗೆದುಕೊಂಡರು. ಮೂರು ಮೂಲ ಛಾಯೆ ಇಟ್ಟುಕೊಂಡರು: ಬಾದಾಮಿ, ಹೊನ್ನು, ಗುಲಾಬಿ. ಪ್ರತಿಯೊಂದರಲ್ಲೂ ತಿಳಿಯಿಂದ ಗಾಢದವರೆಗೆ ಮೆಟ್ಟಿಲು. ಹೆಸರು ಬದಲಿಸುವುದು ಒಂದು ದಿನದ ಕೆಲಸ, ಬಣ್ಣ ಒದಗಿಸುವುದಕ್ಕೆ ಎರಡು ತಲೆಮಾರು ಹಿಡಿಯಿತು. ಈ ಅಂತರವನ್ನು ನೆನಪಿಡಿ, ಮುಂದೆ ಮತ್ತೆ ಮತ್ತೆ ಇದೇ ಎದುರಾಗುತ್ತದೆ.

ಅದೇ ಕಂಪನಿಯ ಇನ್ನೊಂದು ಕತೆಯೂ ಇಲ್ಲಿ ಹೇಳಬೇಕು. 'ಇಂಡಿಯನ್ ರೆಡ್' ಅನ್ನುವ ಒಂದು ಕೆಂಗಂದು ಬಣ್ಣ ಇತ್ತು. ಭಾರತದ ಕಡೆ ಸಿಗುವ ಕಬ್ಬಿಣದ ಅಂಶವಿರುವ ಕೆಮ್ಮಣ್ಣಿನಿಂದ ಚಿತ್ರಕಾರರು ಮಾಡಿಕೊಳ್ಳುತ್ತಿದ್ದ ವರ್ಣದ್ರವ್ಯದ ಹೆಸರು ಅದು. ಮೈಬಣ್ಣಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದ್ರೆ ಅಮೆರಿಕದ ಮಕ್ಕಳು ಅದನ್ನು ಅಲ್ಲಿನ ಮೂಲನಿವಾಸಿಗಳ ಚರ್ಮದ ಬಣ್ಣ ಅಂತ ತಿಳಿದುಕೊಳ್ಳುತ್ತಾರೆ ಅಂತ ಶಿಕ್ಷಕರು ಆತಂಕಪಟ್ಟರು, 1999ರಲ್ಲಿ ಅದು 'ಚೆಸ್ಟ್‌ನಟ್' ಆಯಿತು. ಮಕ್ಕಳು ತಪ್ಪು ತಿಳಿದರು ಅಂತ ಹೇಳಿ ಮುಗಿಸಬಹುದು. ನಾನು ಹಾಗೆ ಹೇಳಲಾರೆ. 'ಕೆಂಪು ಜನ' ಅನ್ನುವ ಮಾತನ್ನು ದೊಡ್ಡವರೇ ತಲೆತಲಾಂತರದಿಂದ ಆಡಿಕೊಂಡು ಬಂದಿದ್ದರು. ಮಕ್ಕಳು ಅದನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದರು.

ಇದು ಒಂದು ದೇಶದ ಕತೆ ಮಾತ್ರ ಅಂದುಕೊಳ್ಳಬೇಡಿ. ಜಪಾನಿನಲ್ಲಿ ಇದೇ ಬಣ್ಣಕ್ಕೆ 'ಹಾದಾಇರೊ' ಅಂತ ಹೆಸರಿತ್ತು, ಅಂದ್ರೆ ನೇರವಾಗಿ 'ಚರ್ಮದ ಬಣ್ಣ'. 2000ದ ಆಸುಪಾಸಿನಲ್ಲಿ ಅಲ್ಲಿನ ಪೆನ್ಸಿಲ್, ಕ್ರೇಯಾನ್ ಕಂಪನಿಗಳು ಒಂದೊಂದಾಗಿ ಅದನ್ನು ಬಿಟ್ಟು 'ಪೇಲ್ ಆರೆಂಜ್' ಅಂತಲೋ 'ಉಸುದೈದೈ' ಅಂತಲೋ ಬರೆಯತೊಡಗಿದವು. ಎರಡರ ಅರ್ಥವೂ ತಿಳಿ ಕಿತ್ತಳೆ. ಕ್ರೇಯಾನ್ ಪೆಟ್ಟಿಗೆಯಿಂದ ಹೋದ ಹೆಸರು ಬಟ್ಟೆಗಳಲ್ಲಿ ಮಾತ್ರ ಉಳಿದುಕೊಂಡಿತ್ತು. 2021ರಲ್ಲಿ ಫ್ಯಾಮಿಲಿಮಾರ್ಟ್ ಅನ್ನುವ ಅಂಗಡಿ ಸರಣಿ 'ಹಾದಾಇರೊ' ಅಂತ ಹೆಸರಿಟ್ಟ ಒಳಉಡುಪುಗಳನ್ನು ಮಾರಾಟದಿಂದ ವಾಪಸ್ ತೆಗೆಯಬೇಕಾಯಿತು. 20 ವರ್ಷದಲ್ಲಿ ಕೇಳುವವರ ಕಿವಿ ಬದಲಾಗಿತ್ತು.

ದಕ್ಷಿಣ ಕೊರಿಯಾದ್ದು ನನಗೆ ಇನ್ನೂ ಇಷ್ಟವಾದ ಪ್ರಸಂಗ. ಅಲ್ಲಿ ಇದಕ್ಕೆ 'ಸಾಲ್‌ಸೆಕ್' ಅನ್ನುತ್ತಿದ್ದರು, ಅಂದ್ರೆ ಮೈಬಣ್ಣ. ಇದು ಬರೀ ಅಂಗಡಿಯ ಹೆಸರಾಗಿರಲಿಲ್ಲ, ಸರ್ಕಾರದ ಅಳತೆ-ಮಾನಕಗಳ ಪಟ್ಟಿಯಲ್ಲೇ ಇದ್ದ ಹೆಸರು. ಅಲ್ಲಿ ದುಡಿಯುತ್ತಿದ್ದ ವಿದೇಶಿ ಕಾರ್ಮಿಕರ ಪರವಾಗಿ 2001ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಹೋಯಿತು. ಹೆಸರು ತಾರತಮ್ಯದಿಂದ ಕೂಡಿದೆ ಅಂತ ಆಯೋಗ 2002ರಲ್ಲಿ ಒಪ್ಪಿತು. ಬದಲಿಗೆ ಬಂದ ಪದ 'ಯೊಂಜುಹ್ವಾಂಗ್', ಅಂದ್ರೆ ತಿಳಿ ಕಿತ್ತಳೆ. ಆದ್ರೆ ಅದು ಚೀನೀ ಅಕ್ಷರಗಳಿಂದ ಕಟ್ಟಿದ ಗಟ್ಟಿ ಪದ. 2004ರಲ್ಲಿ ಕೆಲವು ಮಕ್ಕಳು ಅದೇ ಆಯೋಗದ ಬಾಗಿಲಿಗೆ ಹೋದರು: ಕ್ರೇಯಾನ್ ಬಳಸುವವರು ನಾವು, ನಮಗೇ ಅರ್ಥವಾಗದ ಹೆಸರು ಇಡುವುದು ಮಕ್ಕಳ ಬಗ್ಗೆ ತೋರಿಸುವ ತಾರತಮ್ಯ ಅನ್ನುವುದು ಅವರ ವಾದ. ಮಕ್ಕಳ ಮಾತು ನಡೆಯಿತು. 2005ರಲ್ಲಿ ಹೆಸರು 'ಸಾಲ್ಗುಸೆಕ್' ಆಯಿತು, ಅಂದ್ರೆ ಏಪ್ರಿಕಾಟ್ ಹಣ್ಣಿನ ಬಣ್ಣ. ಹಳೆಯ ಹೆಸರಿನ ಸದ್ದಿಗೆ ಹತ್ತಿರ, ಬಾಯಿಗೆ ಸುಲಭ, ಯಾರ ಮೈಯನ್ನೂ ಹೊರಗಿಡುವುದಿಲ್ಲ. ಒಂದು ಬಣ್ಣದ ಹೆಸರು ಎರಡು ಸಲ ಬದಲಾಯಿತು, ಎರಡು ಸಲವೂ ಬದಲಾವಣೆ ಕೇಳಿದ್ದು ಅದರ ಬಿಸಿ ತಟ್ಟಿದವರೇ.

ಬಟ್ಟೆ, ಚಪ್ಪಲಿ, ಗಾಯದ ಪಟ್ಟಿಗಳ ಲೋಕದಲ್ಲಿ ಇದೇ ಸಮಸ್ಯೆಯ ಹೆಸರು 'ನ್ಯೂಡ್'. ನ್ಯೂಡ್ ಅಂದ್ರೆ ಬೆತ್ತಲೆ, ಅಂದ್ರೆ ಹಾಕಿಕೊಂಡರೂ ಹಾಕಿಕೊಂಡಂತೆ ಕಾಣದ ಬಣ್ಣ. ಯಾರ ಮೈಮೇಲೆ ಕಾಣದ ಬಣ್ಣ ಅನ್ನೋದು ಪ್ರಶ್ನೆ. ಮೆರಿಯಮ್-ವೆಬ್‌ಸ್ಟರ್ ನಿಘಂಟು ಇದಕ್ಕೆ ಬಿಳಿಯರ ಚರ್ಮದ ಬಣ್ಣ ಅಂತಲೇ ನೇರವಾಗಿ ಅರ್ಥ ಕೊಟ್ಟಿತ್ತು. ಓದುಗರು ಪ್ರಶ್ನಿಸಿದ ಮೇಲೆ 2015ರಲ್ಲಿ ಅದನ್ನು ಬದಲಿಸಿ, ತೊಟ್ಟವರ ಮೈಬಣ್ಣಕ್ಕೆ ಹೊಂದುವ ಬಣ್ಣ ಅನ್ನುವ ಅರ್ಥ ಕೊಟ್ಟರು. ನಿಘಂಟಿನದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಜನ ಹೇಗೆ ಬಳಸುತ್ತಾರೋ ಹಾಗೆ ಬರೆಯುವುದು ಅದರ ಕೆಲಸ. ಅಂದ್ರೆ ಬಳಕೆಯೇ ಹಾಗಿತ್ತು. ಆ ಬಳಕೆ ಎಷ್ಟು ಆಳಕ್ಕೆ ಇಳಿದಿತ್ತು ಅಂದ್ರೆ, 2009ರ ನವೆಂಬರ್‌ನಲ್ಲಿ ಮಿಶೆಲ್ ಒಬಾಮ ಶ್ವೇತಭವನದ ಔತಣಕೂಟಕ್ಕೆ ತೊಟ್ಟಿದ್ದ ಉಡುಪನ್ನು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿ ಮೊದಲು 'ಫ್ಲೆಶ್' ಬಣ್ಣದ್ದು ಅಂತ ಬಣ್ಣಿಸಿತು, ಆಮೇಲೆ ಆಕ್ಷೇಪ ಬಂದು 'ಶಾಂಪೇನ್' ಅಂತ ತಿದ್ದಿದರು. ತೊಟ್ಟವರ ತೋಳು ಕಣ್ಣೆದುರಿಗೇ ಇದ್ದರೂ ಬರೆದವರ ಮನಸ್ಸಿನಲ್ಲಿದ್ದ 'ಮೈ' ಬೇರೆಯೇ ಆಗಿತ್ತು.

ಬ್ಯಾಲೆ ನರ್ತಕಿಯರ ಬೂಟುಗಳ ವಿಷಯ ನೋಡಿದರೆ ಇದು ಬರೀ ಮಾತಿನ ಜಗಳ ಅಲ್ಲ ಅಂತ ಗೊತ್ತಾಗುತ್ತದೆ. ಆ ತಿಳಿ ಗುಲಾಬಿ ಬೂಟು ಕಾಲಿನ ಗೆರೆ ಮುಂದುವರಿದಂತೆ ಕಾಣಲಿ ಅಂತಲೇ ಮಾಡಿದ್ದು. ಕಪ್ಪು ನರ್ತಕಿಯರ ಕಾಲಿನಲ್ಲಿ ಅದು ಗೆರೆಯನ್ನು ಪಾದದ ಹತ್ತಿರ ಕತ್ತರಿಸಿ ಹಾಕುತ್ತದೆ. ಹಾಗಾಗಿ ಅವರು ದಶಕಗಳ ಕಾಲ ಪ್ರತಿ ಜೊತೆ ಬೂಟಿಗೂ ತಮ್ಮ ಮುಖಕ್ಕೆ ಹಚ್ಚುವ ಮೇಕಪ್ಪನ್ನೇ ಬಳಿದುಕೊಳ್ಳುತ್ತಾ ಬಂದರು. ಬೂಟು ಬೇಗ ಸವೆಯುತ್ತದೆ, ಮತ್ತೆ ಹೊಸದು, ಮತ್ತೆ ಬಳಿಯುವುದು. ಲಂಡನ್ನಿನ ಫ್ರೀಡ್ ಕಂಪನಿ, ಬ್ಯಾಲೆ ಬ್ಲ್ಯಾಕ್ ಅನ್ನುವ ತಂಡದ ಜೊತೆ ಸೇರಿ ಕಂದು ಬಣ್ಣದ ಬೂಟುಗಳನ್ನು ತಂದದ್ದು 2018ರಲ್ಲಿ. ಗಾಯಕ್ಕೆ ಅಂಟಿಸುವ ಬ್ಯಾಂಡ್-ಏಡ್ ಹುಟ್ಟಿದ್ದು 1920ರಲ್ಲಿ. ಬೇರೆ ಬೇರೆ ಮೈಬಣ್ಣಗಳಲ್ಲಿ ಅದನ್ನು ತರುತ್ತೇವೆ ಅಂತ ಕಂಪನಿ ಘೋಷಿಸಿದ್ದು 2020ರಲ್ಲಿ. ಲೆಕ್ಕ ನೀವೇ ಹಾಕಿ.

ಇಲ್ಲಿಯವರೆಗೆ ಹೇಳಿದ್ದು 'ಚರ್ಮದ ಬಣ್ಣ' ಅನ್ನುವ ಒಂದು ಹೆಸರಿನ ಬಗ್ಗೆ. ಇನ್ನೂ ದೊಡ್ಡ ಹೆಸರುಗಳಿವೆ: ಬಿಳಿ, ಕಪ್ಪು, ಹಳದಿ, ಕೆಂಪು. ಇವು ಕಣ್ಣಿಗೆ ಕಂಡದ್ದನ್ನು ನೋಡಿ ಇಟ್ಟ ಹೆಸರುಗಳು ಅಂತ ನಾವು ನಂಬಿದ್ದೇವೆ. ಇತಿಹಾಸ ಬೇರೆ ಹೇಳುತ್ತದೆ. 16ನೇ ಶತಮಾನದಲ್ಲಿ ಚೀನಾಕ್ಕೂ ಜಪಾನಿಗೂ ಹೋದ ಯುರೋಪಿನ ಪ್ರಯಾಣಿಕರು, ಪಾದ್ರಿಗಳು ಅಲ್ಲಿನ ಜನರನ್ನು ಎಷ್ಟೋ ಸಲ 'ಬಿಳಿಯರು' ಅಂತಲೇ ಬರೆದರು. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1735ರಲ್ಲಿ ಮನುಷ್ಯರನ್ನು ನಾಲ್ಕು ಖಂಡಕ್ಕೆ ನಾಲ್ಕು ಬಣ್ಣ ಅಂತ ಹಂಚಿದ. ಏಷ್ಯಾದವರಿಗೆ ಅವನು ಕೊಟ್ಟ ಲ್ಯಾಟಿನ್ ಪದ 'ಫಸ್ಕಸ್', ಅಂದ್ರೆ ಕಂದು ಅಥವಾ ಮಬ್ಬು. 1758ರಲ್ಲಿ ಬಂದ ಅವನ ಪುಸ್ತಕದ ಹತ್ತನೇ ಆವೃತ್ತಿಯಲ್ಲಿ ಅದೇ ಏಷ್ಯಾದವರಿಗೆ 'ಲುರಿಡಸ್' ಅಂತ ಬರೆದ, ಅಂದ್ರೆ ಕಳೆಗುಂದಿದ ಹಳದಿ. ಕಾಯಿಲೆ ಬಿದ್ದವರ ಮುಖಕ್ಕೂ ಬಳಸುತ್ತಿದ್ದ ಪದ ಅದು. 23 ವರ್ಷದಲ್ಲಿ ಒಂದು ಇಡೀ ಖಂಡದ ಜನರ ಚರ್ಮ ಬದಲಾಗಿಬಿಟ್ಟಿತಾ? ಇಲ್ಲ. ಕೋಣೆಯಲ್ಲಿ ಕೂತು ಬರೆಯುತ್ತಿದ್ದವನ ಪದ ಬದಲಾಯಿತು. 1795ರಲ್ಲಿ ಜರ್ಮನಿಯ ವಿಜ್ಞಾನಿ ಬ್ಲೂಮೆನ್‌ಬಾಖ್ ಮನುಷ್ಯರನ್ನು ಐದು ಗುಂಪು ಮಾಡಿದ, ಅಲ್ಲಿಂದ ಮುಂದೆ 'ಹಳದಿ' ಗಟ್ಟಿಯಾಗಿ ಅಂಟಿಕೊಂಡಿತು. ಒಮ್ಮೆ ಹೆಸರು ಅಂಟಿದ ಮೇಲೆ ಜನ ಎದುರಿಗಿರುವವರ ಮುಖದಲ್ಲಿ ಆ ಬಣ್ಣವನ್ನೇ ಕಾಣತೊಡಗಿದರು.

ಚರ್ಮದ ವಿಜ್ಞಾನ ಕೇಳಿದರೆ ವಿಷಯ ತುಂಬಾ ಸರಳ. ಮೈಗೆ ಬಣ್ಣ ಕೊಡುವುದು ಮುಖ್ಯವಾಗಿ ಮೆಲನಿನ್. ಅದರಲ್ಲಿ ಕಂದು-ಕಪ್ಪು ಬಗೆ ಒಂದು, ಹಳದಿ-ಕೆಂಪು ಬಗೆ ಇನ್ನೊಂದು. ಇವು ಎಷ್ಟಿವೆ, ಹೇಗೆ ಹರಡಿವೆ, ಕೆಳಗೆ ರಕ್ತ ಎಷ್ಟು ಕಾಣುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಸುಣ್ಣದಷ್ಟು ಬೆಳ್ಳಗಿನ ಮನುಷ್ಯ ಇಲ್ಲ, ಇದ್ದಿಲಿನಷ್ಟು ಕಪ್ಪಗಿನ ಮನುಷ್ಯನೂ ಇಲ್ಲ. ಎಲ್ಲರೂ ಒಂದೇ ಕಂದು ಬಣ್ಣದ ಬೇರೆ ಬೇರೆ ಮೆಟ್ಟಿಲುಗಳಲ್ಲಿ ನಿಂತವರು. ಬೇಸಿಗೆಯಲ್ಲಿ ಒಂದು ಮೆಟ್ಟಿಲು ಆಚೆ, ಚಳಿಗಾಲದಲ್ಲಿ ಒಂದು ಮೆಟ್ಟಿಲು ಈಚೆ.

ಹಾಗಂತ ಈ ದೊಡ್ಡ ಹೆಸರುಗಳನ್ನು ಎತ್ತಿ ಬಿಸಾಡಿದರೆ ಆಯಿತು ಅನ್ನುವಷ್ಟು ಸುಲಭವಾಗಿಲ್ಲ. ಹೆಸರಿಗೆ ಗುರಿಯಾದವರು ಅದನ್ನೇ ಕೈಗೆತ್ತಿಕೊಂಡ ಉದಾಹರಣೆಗಳಿವೆ. ಅಮೆರಿಕದಲ್ಲಿ 1909ರಲ್ಲಿ ಹುಟ್ಟಿದ, ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯ ಹೆಸರಲ್ಲಿ 'ಕಲರ್ಡ್', ಅಂದ್ರೆ ಬಣ್ಣದವರು, ಅನ್ನುವ ಪದ ಇದೆ, ಆಗ ಅದು ಮರ್ಯಾದೆಯ ಪದ. ಆಮೇಲೆ 'ನೀಗ್ರೋ' ಅನ್ನುವುದು ಮರ್ಯಾದೆಯ ಪದವಾಯಿತು. ಇಂಗ್ಲಿಷ್‌ನಲ್ಲಿ ಅದರ ಮೊದಲ ಅಕ್ಷರವನ್ನು ದೊಡ್ಡಕ್ಷರದಲ್ಲಿ (ಕ್ಯಾಪಿಟಲ್) ಬರೆಯಿಸಲಿಕ್ಕೇ ಹೋರಾಡಬೇಕಾಯಿತು, ನ್ಯೂಯಾರ್ಕ್ ಟೈಮ್ಸ್ ಒಪ್ಪಿದ್ದು 1930ರಲ್ಲಿ. 1960ರ ದಶಕದ ಕೊನೆಗೆ ಯುವಕರು ಅದನ್ನೂ ಬದಿಗೊತ್ತಿ, ಅಲ್ಲಿಯವರೆಗೆ ಬೈಗುಳದಂತೆ ಕೇಳುತ್ತಿದ್ದ 'ಬ್ಲ್ಯಾಕ್' ಅನ್ನು ಎದೆಯೆತ್ತಿ ಹೇಳಿದರು. 2020ರ ಜೂನ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಅದಕ್ಕೂ ದೊಡ್ಡಕ್ಷರ ಕೊಟ್ಟಿತು. ಇತ್ತ ದಕ್ಷಿಣ ಆಫ್ರಿಕಾದಲ್ಲಿ 'ಕಲರ್ಡ್' ಅನ್ನುವ ಅದೇ ಪದ 1950ರ ಜನಸಂಖ್ಯಾ ನೋಂದಣಿ ಕಾಯ್ದೆಯಲ್ಲಿ ಒಂದು ಪ್ರತ್ಯೇಕ ಗುಂಪಿನ ಹೆಸರಾಗಿ ನಿಂತಿತು. ವರ್ಣಭೇದದ ಆಡಳಿತ ಮುಗಿದ ಮೇಲೂ ಅಲ್ಲಿ ಎಷ್ಟೋ ಜನ ತಮ್ಮನ್ನು ಹಾಗೆಯೇ ಕರೆದುಕೊಳ್ಳುತ್ತಾರೆ. ಒಂದೇ ಪದ, ಒಂದು ಕಡೆ ಹಳೆಯ ಗಾಯ, ಇನ್ನೊಂದು ಕಡೆ ಸ್ವಂತ ಗುರುತು. ಆದ್ದರಿಂದ ಯಾವ ಪದ ಸರಿ ಅಂತ ದೂರದಿಂದ ತೀರ್ಪು ಕೊಡುವ ಬದಲು ಆ ಜನರನ್ನೇ ಕೇಳುವುದು ಒಳ್ಳೆಯದು.

ಜನರನ್ನು ನಿಜವಾಗಿ ಕೇಳಿದರೆ ಏನಾಗುತ್ತದೆ ಅನ್ನುವುದಕ್ಕೆ ಬ್ರೆಜಿಲ್ ಒಂದು ಚಂದದ ಸಾಕ್ಷಿ. 1976ರ ರಾಷ್ಟ್ರೀಯ ಮನೆ ಸಮೀಕ್ಷೆಯಲ್ಲಿ ಆಯ್ಕೆಗಳ ಪಟ್ಟಿ ಕೊಡದೆ "ನಿಮ್ಮ ಬಣ್ಣ ಯಾವುದು" ಅಂತ ಸುಮ್ನೆ ಕೇಳಿದರು. 130ಕ್ಕೂ ಜಾಸ್ತಿ ಬೇರೆ ಬೇರೆ ಉತ್ತರ ಬಂದವು. ಹಾಲು ಬೆರೆತ ಕಾಫಿ, ಬಿಸಿಲಿಗೆ ಸುಟ್ಟ ಬಣ್ಣ, ದಾಲ್ಚಿನ್ನಿ, ತಿಳಿ ಕಂದು, ಹೀಗೆ. ಸರ್ಕಾರದ ಪಟ್ಟಿಯಲ್ಲಿ ಇವತ್ತಿಗೂ ಐದೇ ಖಾನೆ ಇವೆ. ಬಿಳಿ, ಕಪ್ಪು, ಹಳದಿ, ಮೂಲನಿವಾಸಿ, ಮತ್ತು ಇವುಗಳ ನಡುವಿನವರಿಗೆಲ್ಲಾ ಸೇರಿ 'ಪಾರ್ಡು'. 2022ರ ಜನಗಣತಿಯಲ್ಲಿ ಈ ಪಾರ್ಡು ಅಂದವರು 45.3 ಶೇಕಡಾ, ಬಿಳಿ ಅಂದವರು 43.5 ಶೇಕಡಾ. ಚರ್ಮ ಕೆಲವೇ ವರ್ಷಗಳಲ್ಲಿ ಬದಲಾಗುವುದಿಲ್ಲ, ತಮ್ಮನ್ನು ಏನಂತ ಕರೆದುಕೊಳ್ಳಲು ಜನ ಹಿಂಜರಿಯುವುದಿಲ್ಲ ಅನ್ನುವುದು ಮಾತ್ರ ಬದಲಾಗುತ್ತದೆ.

ಭಾಷೆಯಿಂದ ಭಾಷೆಗೆ ಈ ಮೆಟ್ಟಿಲುಗಳ ಹೆಸರೇ ಬೇರೆ. ಕನ್ನಡದಲ್ಲಿ ತಿಳಿ ಮೈಬಣ್ಣದವರನ್ನು 'ಕೆಂಪಗಿದ್ದಾರೆ' ಅನ್ನುತ್ತೇವೆ, ಇಂಗ್ಲಿಷ್‌ನವರು ಅದಕ್ಕೆ ಬಿಳಿ ಅನ್ನುತ್ತಾರೆ. 'ಬಿಳಿಚಿಕೊಂಡಿದ್ದಾನೆ' ಅಂದ್ರೆ ನಮಗೆ ಅದು ಹೆದರಿಕೆ ಅಥವಾ ಕಾಯಿಲೆಯ ಮಾತು. 'ಎಣ್ಣೆಗಪ್ಪು' ಅನ್ನುವ ಪದದಲ್ಲಿ ಹೊಳಪು ಇದೆ, 'ನಸುಗಪ್ಪು' ಅನ್ನುವುದರಲ್ಲಿ ಮೆಲುಪು ಇದೆ. ಇಷ್ಟು ಚಂದದ ಪದಗಳಿದ್ದೂ "ಕಪ್ಪು, ಆದ್ರೆ ಲಕ್ಷಣವಾಗಿದ್ದಾಳೆ" ಅಂತ ಹೇಳುತ್ತೇವೆ. ಆ 'ಆದ್ರೆ' ನನಗೆ ನೋವು ಕೊಡುತ್ತದೆ. ಬಣ್ಣದ ಹೆಸರಲ್ಲಿ ತಪ್ಪಿಲ್ಲ, ಅದರ ಪಕ್ಕ ನಾವು ತಂದು ನಿಲ್ಲಿಸಿದ ಪದದಲ್ಲಿ ಇದೆ. ಇಂಗ್ಲಿಷ್‌ನ 'ಫೇರ್' ಕೂಡ ಹೀಗೇ. ಮೊದಲು ಅದರ ಅರ್ಥ ಚಂದ ಅಂತ ಮಾತ್ರ. ಆಮೇಲೆ ತಿಳಿ ಮೈಬಣ್ಣ ಅನ್ನುವ ಅರ್ಥ ಬಂದು ಸೇರಿತು, ಎರಡೂ ಒಂದೇ ಪದದೊಳಗೆ ಕೂತುಕೊಂಡವು. 1975ರಿಂದ ಮಾರಾಟದಲ್ಲಿದ್ದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಹೆಸರು ಬದಲಾದದ್ದು ಒಳ್ಳೆಯದೇ, ಆ ಪದ ಕೇಳಿ ಕೇಳಿ ಬೆಳೆದ ಎಷ್ಟೋ ಹೆಣ್ಣುಮಕ್ಕಳು ಕನ್ನಡಿ ಮುಂದೆ ಕುಗ್ಗಿದ್ದಾರೆ. ಆದ್ರೆ ಕ್ರೇಯಾನ್ ಕತೆಯ ಆ 30 ವರ್ಷದ ಅಂತರ ಇಲ್ಲೂ ಇದೆ. ಚೀಟಿ ಬದಲಾಯಿತು. ತಿಳಿ ಬಣ್ಣವೇ ಚಂದ ಅನ್ನುವ ನಂಬಿಕೆ ಅಷ್ಟು ಬೇಗ ಬದಲಾಗುವುದಿಲ್ಲ.

ಹಳೆಯ ಹೆಸರು ಹೋದ ಜಾಗಕ್ಕೆ ಸಾಮಾನ್ಯವಾಗಿ ಹಣ್ಣು, ಕಾಯಿ, ಮರದ ಹೆಸರುಗಳು ಬರುತ್ತವೆ. ಪೀಚ್, ಏಪ್ರಿಕಾಟ್, ಬಾದಾಮಿ, ಮಹಾಗನಿ. ವಸ್ತುವಿನ ಹೆಸರು ಮನುಷ್ಯರನ್ನು ಗುಂಪು ಮಾಡುವುದಿಲ್ಲ, ಅಷ್ಟರ ಮಟ್ಟಿಗೆ ನನಗೆ ಇದು ಒಪ್ಪಿಗೆ. ಆದ್ರೆ ಮೇಕಪ್ ಸಾಮಗ್ರಿಗಳ ಹೆಸರುಗಳನ್ನು ಸಾಲಾಗಿ ಓದಿ ನೋಡಿ. ತಿಳಿ ಬಣ್ಣಗಳಿಗೆ ದಂತ, ಪಿಂಗಾಣಿ, ಮುತ್ತು. ಗಾಢ ಬಣ್ಣಗಳಿಗೆ ಕಾಫಿ, ಕೋಕೋ, ಚಾಕೊಲೇಟ್, ಕ್ಯಾರಮೆಲ್. ಒಂದು ತುದಿ ಎತ್ತಿಟ್ಟು ನೋಡುವ ವಸ್ತು, ಇನ್ನೊಂದು ತುದಿ ಬಾಯಿಗೆ ಹಾಕಿಕೊಳ್ಳುವ ವಸ್ತು. ಕಾಫಿ, ಕೋಕೋ, ಸಕ್ಕರೆ ಬೆಳೆಗಳನ್ನು ಗುಲಾಮರಾಗಿ ದುಡಿದು ಬೆಳೆದ ಜನರ ಮಕ್ಕಳಿಗೆ ಆ ಹೆಸರುಗಳು ಬೇರೆಯೇ ಥರ ಕೇಳಿಸುತ್ತವೆ ಅನ್ನುವುದನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ಎಲ್ಲರಿಗೂ ಹಾಗೆ ಅನಿಸುವುದಿಲ್ಲ, ಕೆಲವರು ಆ ಹೆಸರುಗಳನ್ನು ಪ್ರೀತಿಯಿಂದಲೇ ಬಳಸುತ್ತಾರೆ. 2017ರಲ್ಲಿ ಗಾಯಕಿ ರಿಹಾನಾ 40 ಛಾಯೆಗಳೊಂದಿಗೆ ಫೆಂಟಿ ಬ್ಯೂಟಿ ಶುರು ಮಾಡಿದಾಗ ಫೌಂಡೇಶನ್‌ಗಳಿಗೆ ಹೆಸರೇ ಇಡದೆ ಬರೀ ಸಂಖ್ಯೆ ಕೊಟ್ಟರು. ಅದೂ ಒಂದು ದಾರಿ.

ಹೆಸರಿನ ತಪ್ಪು ಪ್ರಾಣದವರೆಗೂ ಹೋಗುವುದು ಆಸ್ಪತ್ರೆಯಲ್ಲಿ. ಹುಟ್ಟಿದ ಮಗುವನ್ನು ಮೊದಲ ನಿಮಿಷದಲ್ಲೇ ಅಳೆಯುವ ಆಪ್ಗಾರ್ ಅಂಕ ಅಂತ ಒಂದಿದೆ. ವರ್ಜೀನಿಯಾ ಆಪ್ಗಾರ್ ಅನ್ನುವ ವೈದ್ಯೆ 1952ರಲ್ಲಿ ರೂಪಿಸಿದ್ದು, ಲೆಕ್ಕವಿಲ್ಲದಷ್ಟು ಮಕ್ಕಳನ್ನು ಉಳಿಸಲು ನೆರವಾದದ್ದು. ಅದರ ಐದು ಅಂಶಗಳಲ್ಲಿ ಒಂದು ಬಣ್ಣ: ಮೈಯೆಲ್ಲಾ ಗುಲಾಬಿ ಇದ್ದರೆ 2, ಕೈಕಾಲು ಮಾತ್ರ ನೀಲಿ ಇದ್ದರೆ 1, ಪೂರ್ತಿ ನೀಲಿ ಅಥವಾ ಬಿಳಿಚಿದ್ದರೆ 0. ಗಾಢ ಮೈಬಣ್ಣದ ಮಗು ಎಷ್ಟೇ ಆರೋಗ್ಯವಾಗಿದ್ದರೂ ಗುಲಾಬಿ ಆಗುವುದಿಲ್ಲ, ಅಲ್ವಾ? ಅನುಭವ ಇರುವ ದಾದಿಯರು ತುಟಿ, ನಾಲಿಗೆ, ಅಂಗೈ, ಅಂಗಾಲು ನೋಡುತ್ತಾರೆ. ಪಟ್ಟಿಯಲ್ಲಿರುವ ಪದ ಮಾತ್ರ ಗುಲಾಬಿ. ಚರ್ಮದ ಉರಿಯೂತವನ್ನು ಪಠ್ಯಗಳು 'ಕೆಂಪು' ಅನ್ನುತ್ತವೆ. ಗಾಢ ಚರ್ಮದಲ್ಲಿ ಅದು ನೇರಳೆಯಾಗಿಯೋ, ಬೂದಿಯಾಗಿಯೋ, ಸುತ್ತಲಿಗಿಂತ ಇನ್ನೂ ಕಪ್ಪಾಗಿಯೋ ಕಾಣುತ್ತದೆ. 'ಕೆಂಪು' ಅಂತ ಕಲಿತ ಕಣ್ಣು ಅದನ್ನು ದಾಟಿ ಮುಂದೆ ಹೋಗುತ್ತದೆ. ಲಂಡನ್ನಿನ ಸೇಂಟ್ ಜಾರ್ಜಸ್‌ನಲ್ಲಿ ಓದುತ್ತಿದ್ದ ಒಬ್ಬ ವೈದ್ಯಕೀಯ ವಿದ್ಯಾರ್ಥಿ, "ಗಾಢ ಚರ್ಮದಲ್ಲಿ ಇದು ಹೇಗೆ ಕಾಣುತ್ತದೆ" ಅಂತ ಪಾಠಗಳಲ್ಲಿ ಬರದೇ ಇರುವುದನ್ನು ಗಮನಿಸಿ, ಅಧ್ಯಾಪಕರ ಜೊತೆ ಸೇರಿ 2020ರಲ್ಲಿ ಚಿತ್ರಗಳ ಒಂದು ಕೈಪಿಡಿಯನ್ನೇ ಮಾಡಿದ. ಅದರಲ್ಲಿ ಚಿತ್ರಗಳಷ್ಟೇ ಮುಖ್ಯವಾದದ್ದು ಪದಗಳು, ಯಾವ ಲಕ್ಷಣವನ್ನು ಏನಂತ ಬಣ್ಣಿಸಬೇಕು ಅನ್ನುವುದು.

ಉಪಕರಣಗಳೂ ಇದೇ ಮಣ್ಣಿನಲ್ಲಿ ಬೆಳೆದವು. ಕೊಡಾಕ್ ಕಂಪನಿ ಬಣ್ಣದ ಫೋಟೋ ಸರಿಯಾಗಿ ತೊಳೆದಿದೆಯಾ ಅಂತ ನೋಡಲು ಒಂದು ಮಾದರಿ ಚಿತ್ರ ಕಳಿಸುತ್ತಿತ್ತು, ಅದಕ್ಕೆ 'ಶರ್ಲಿ ಕಾರ್ಡ್' ಅನ್ನುತ್ತಿದ್ದರು. ಅದರಲ್ಲಿ ಇದ್ದದ್ದು ಬಿಳಿ ಹೆಂಗಸಿನ ಮುಖ. ಅವಳ ಮುಖ ಸರಿ ಬಂದರೆ ಚಿತ್ರ ಸರಿ. ದಶಕಗಳ ಕಾಲ ಗಾಢ ಮೈಬಣ್ಣದವರ ಫೋಟೋದಲ್ಲಿ ಕಣ್ಣು, ಹಲ್ಲು ಬಿಟ್ಟು ಮುಖದ ವಿವರವೇ ಕಾಣುತ್ತಿರಲಿಲ್ಲ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಕೂಡ ಇದರಿಂದ ತಪ್ಪಿಸಿಕೊಂಡಿಲ್ಲ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಮ್ಲಜನಕ ಕಡಿಮೆ ಇದ್ದರೂ ಉಪಕರಣ ಅದನ್ನು ತೋರಿಸದೇ ಹೋದದ್ದು ಬಿಳಿ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಅಂತ ಕಂಡುಬಂತು. ಮುಖ ಗುರುತಿಸುವ ಸಾಫ್ಟ್‌ವೇರ್‌ಗಳ ಬಗ್ಗೆ 2018ರಲ್ಲಿ ಜಾಯ್ ಬೂಲಮ್ವೀನಿ ಮತ್ತು ಟಿಮ್ನಿಟ್ ಗೆಬ್ರು ನಡೆಸಿದ ಪರೀಕ್ಷೆಯಲ್ಲಿ ಗಾಢ ಮೈಬಣ್ಣದ ಹೆಂಗಸರನ್ನು ಹೆಣ್ಣೋ ಗಂಡೋ ಅಂತ ಹೇಳುವಲ್ಲಿ 34.7 ಶೇಕಡಾದವರೆಗೂ ತಪ್ಪಾಯಿತು. ತಿಳಿ ಬಣ್ಣದ ಗಂಡಸರಲ್ಲಿ ಜಾಸ್ತಿ ಅಂದ್ರೆ 0.8 ಶೇಕಡಾ.

ಹೆಸರು ಬೇಡ, ಅಳತೆಗೋಲು ಬಳಸೋಣ ಅಂದ್ರೆ? ಅಳತೆಗೋಲಿಗೂ ಹುಟ್ಟೂರು ಇರುತ್ತದೆ. ಚರ್ಮವೈದ್ಯರೆಲ್ಲಾ ಬಳಸುವ ಫಿಟ್ಸ್‌ಪ್ಯಾಟ್ರಿಕ್ ಮಾಪಕ 1975ರದ್ದು. ಅದು ಬಣ್ಣ ಅಳೆಯಲು ಹುಟ್ಟಿದ್ದೇ ಅಲ್ಲ. ಬೆಳಕಿನ ಚಿಕಿತ್ಸೆ ಪಡೆಯುವ ಬಿಳಿ ರೋಗಿಗಳಿಗೆ ಎಷ್ಟು ಪ್ರಮಾಣ ಕೊಡಬೇಕು ಅಂತ ತಿಳಿಯಲು, ಬಿಸಿಲಲ್ಲಿ ನಿಮ್ಮ ಚರ್ಮ ಸುಡುತ್ತದೋ ಕಂದಾಗುತ್ತದೋ ಅಂತ ಕೇಳಿ ಮಾಡಿದ ನಾಲ್ಕು ಖಾನೆ. ಕಂದು ಮತ್ತು ಕಪ್ಪು ಚರ್ಮಕ್ಕೆ ಐದನೆಯ, ಆರನೆಯ ಖಾನೆ ಸೇರಿಸಿದ್ದು ಆಮೇಲೆ. ಪ್ರಪಂಚದ ಬಹುಪಾಲು ಜನ ಕೊನೆಯ ಎರಡು ಮೂರು ಖಾನೆಗಳಲ್ಲಿ ಒತ್ತಿಕೊಂಡು ಕೂರಬೇಕು. 2015ರಲ್ಲಿ ಎಮೋಜಿಗಳಿಗೆ ಮೈಬಣ್ಣ ಬಂದಾಗ ಇದೇ ಮಾಪಕವನ್ನು ಹಿಡಿದರು. ಮೊದಲ ಎರಡನ್ನು ಒಂದು ಮಾಡಿ ಐದು ಬಣ್ಣ ಕೊಟ್ಟರು. ಯಾರದ್ದೂ ಅಲ್ಲದ ಹಳದಿಯನ್ನು ಎಲ್ಲರಿಗೂ ಸಾಮಾನ್ಯ ಅಂತ ಉಳಿಸಿಕೊಂಡರು. ಈಗ ಪ್ರತಿದಿನ ಫೋನ್ ಹಿಡಿದ ಯಾರೇ ಆಗಲಿ ಕೈ ಮುಗಿಯುವ ಮೊದಲು ತಮ್ಮ ಕೈ ಯಾವ ಬಣ್ಣ ಅಂತ ಆರಿಸಿಕೊಳ್ಳಬಹುದು. 2022ರಲ್ಲಿ ಹಾರ್ವರ್ಡ್‌ನ ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ಅವರ 10 ಬಣ್ಣಗಳ ಮಾಪಕವನ್ನು ಗೂಗಲ್ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಅದರಲ್ಲಿ ಗಾಢ ಛಾಯೆಗಳಿಗೆ ಜಾಗ ಜಾಸ್ತಿ. ಹೆಸರುಗಳಿಲ್ಲ, 1ರಿಂದ 10. ಮೊದಲ ಸಂಖ್ಯೆ ಈ ಸಲವೂ ತಿಳಿ ಬಣ್ಣಕ್ಕೇ ಹೋಗಿದೆ ಅನ್ನುವುದನ್ನು ಬಿಟ್ಟರೆ ಇದು ನಾನು ನೋಡಿದ್ದರಲ್ಲಿ ಒಳ್ಳೆಯ ಪ್ರಯತ್ನ.

ಕೊನೆಗೆ ಬ್ರೆಜಿಲ್‌ನ ಛಾಯಾಗ್ರಾಹಕಿ ಆಂಜೆಲಿಕಾ ದಾಸ್ ಅವರ ಕೆಲಸ. 'ಹ್ಯುಮನೇ' ಅನ್ನುವ ಯೋಜನೆಯನ್ನು 2012ರ ಹೊತ್ತಿಗೆ ಶುರು ಮಾಡಿದರು. ಬೇರೆ ಬೇರೆ ದೇಶಗಳ 4,000ಕ್ಕೂ ಜಾಸ್ತಿ ಜನರ ಮುಖದ ಚಿತ್ರ ತೆಗೆದಿದ್ದಾರೆ. ಪ್ರತಿ ಚಿತ್ರದಲ್ಲೂ ಆ ವ್ಯಕ್ತಿಯ ಮೂಗಿನ ಮೇಲಿನ 11 ಪಿಕ್ಸೆಲ್ ಉದ್ದ, 11 ಪಿಕ್ಸೆಲ್ ಅಗಲದ ಒಂದು ತುಣುಕಿನ ಬಣ್ಣ ತೆಗೆದುಕೊಂಡು, ಅದನ್ನೇ ಹಿನ್ನೆಲೆಗೆ ತುಂಬಿ, ಮುದ್ರಣದವರು ಬಳಸುವ ಪ್ಯಾಂಟೋನ್ ಸಂಖ್ಯೆಯನ್ನು ಕೆಳಗೆ ಬರೆಯುತ್ತಾರೆ. ಬಿಳಿಯ ಅಂತ ಕರೆಸಿಕೊಳ್ಳುವವರ ಹಿಂದೆ ಬಿಳಿ ಇಲ್ಲ, ಕಪ್ಪು ಅಂತ ಕರೆಸಿಕೊಳ್ಳುವವರ ಹಿಂದೆ ಕಪ್ಪು ಇಲ್ಲ. ಒಂದೇ ತಾಯಿಯ ಮಕ್ಕಳಿಗೂ ಸಂಖ್ಯೆ ಬೇರೆ. ಈ ಕೆಲಸಕ್ಕೆ ಕಾರಣವೇನು ಅಂತ ಹೇಳುವಾಗ ಅವರು ತಮ್ಮ ಶಾಲೆಯ ಚಿತ್ರಕಲೆ ಪಾಠವನ್ನು ನೆನೆಯುತ್ತಾರೆ. ಆಗ ಅವರಿಗೆ ಏಳು ವರ್ಷ. ಮನೆಯವರ ಬಣ್ಣ ಒಬ್ಬೊಬ್ಬರದು ಒಂದೊಂದು ಥರ, ತನ್ನ ಕೈ ಕಂದು, ಜನ ಕರೆಯುವುದು ಕಪ್ಪು ಅಂತ, ಮುಂದೆ ಇಟ್ಟಿದ್ದ 'ಚರ್ಮದ ಬಣ್ಣ'ದ ಪೆನ್ಸಿಲ್ ಮಾತ್ರ ಗುಲಾಬಿ.